ಶನಿವಾರದ ಗಂಡ

ಅರ್ಜಿ ಫ್ಯಾನಿನ ಗಾಳಿಗೆ ಹಾರದಂತೆ ಜಡ್ಜರು ಅದರ ಮೇಲೆ ಇಟ್ಟದ್ದು ಹೊಳೆಯ ಕಲ್ಲೇ, ನೇತ್ರಾವತಿಯದ್ದೇ ಇರಬೇಕು, ಇಷ್ಟು ನುಣುಪು ಬೇರೆಲ್ಲಿ ಸಿಗುತ್ತದೆ, ಕಲ್ಲಿನ ಅಡಿಯಿಂದ ಅವಳ ಹೆಸರು ಅರ್ಧ ಮಾತ್ರ ಹೊರಗೆ, ಶಶಿ ಒಳಗೆ, ಪ್ರಭಾ ಹೊರಗೆ — ಅಕ್ಷರವೇನೋ ಚೆಂದವೇ ಉಂಟು, ಅದಕ್ಕೇ ಅಲ್ಲವೇ ಗಂಡ ದೂಮಣ್ಣ, ನೀನೇ ಬರಿ ಮಾರಾಯ್ತಿ, ನನ್ನ ಅಕ್ಷರ ನೋಡಿದರೆ ಜಡ್ಜರು ವಿಚ್ಛೇದನ ಬಿಟ್ಟು ಜೈಲು ಕೊಟ್ಟಾರು ಅಂದದ್ದು. ವಿಚ್ಛೇದನದ ಅರ್ಜಿಯನ್ನು ಗಂಡ ಹೆಂಡತಿ ಒಂದೇ ಚಾಪೆಯಲ್ಲಿ ಕೂತು ತುಂಬಿಸಿದ್ದು ಬಂಟ್ವಾಳ ತಾಲೂಕಿನಲ್ಲಿ ಇದೇ ಮೊದಲಿರಬೇಕು, ಅವನು ನಮೂನೆ ಪುಸ್ತಕ ನೋಡಿ ಓದುವುದು, ಇವಳು ಬರೆಯುವುದು, ನಡುವೆ ಅಮ್ಮ ಬಂದು, ನೀರುದೋಸೆ ಆರಿ ಹೋಗ್ತದೆ, ತಿಂದು ಮತ್ತೆ ಬರೆಯಿರಿ ಅಂದದ್ದು. ಪೇಟೆಯ ಅಬೂಬಕ್ಕರ್ ಬ್ಯಾರಿಯ ಅಂಗಡಿಯಲ್ಲಿ ಕಾಪಿಪುಸ್ತಕ, ಶಾಯಿ ಬಾಟಲಿಗಳ ಮೇಲೆ ಹಗ್ಗದಲ್ಲಿ ನೇತಾಡುತ್ತಿತ್ತು ಆ ಪುಸ್ತಕ, ವಕೀಲರ ಹಂಗಿಲ್ಲದೆ ನೀವೇ ಬರೆದುಕೊಳ್ಳುವ ಕೋರ್ಟು ಅರ್ಜಿಗಳು — ವಾರಸು, ಜೀವನಾಂಶ, ಹೆಸರು ಬದಲಾವಣೆ, ವಿಚ್ಛೇದನ, ಎಲ್ಲದಕ್ಕೂ ಒಂದೊಂದು ನಮೂನೆ, ಚುಕ್ಕೆ ಇದ್ದಲ್ಲಿ ತುಂಬಿಸಿದರೆ ಮುಗಿಯಿತು. ಯಾರಿಗೆ ಅಕ್ಕಾ ಅಂತ ಅಬೂಬಕ್ಕರ್ ಕೇಳಿದ್ದಕ್ಕೆ ನೆರೆಮನೆಯವರಿಗೆ ಅಂದಿದ್ದಳು, ಪಾಪ, ಅವನು ನಂಬಿದ ಹಾಗೆ ಮುಖ ಮಾಡಿದ.

ಇಬ್ಬರೂ ಒಪ್ಪಿದರೆ ಸಾಕು ಎನ್ನುವ ಕಾನೂನು ಬಂದು ಐದಾರು ವರ್ಷವಾಯಿತಂತೆ, ಪುಸ್ತಕದಲ್ಲಿತ್ತು, ಜಗಳವಾಡಬೇಕೆಂದೂ ಇಲ್ಲ. ಜಗಳವಾದರೂ ಯಾವುದಿತ್ತು, ದೂಮಣ್ಣ ಕುಡಿಯುವವನಲ್ಲ, ಹೊಡೆಯುವವನಲ್ಲ, ಮೂಡಬಿದ್ರೆಯ ಹಂಚಿನ ಕಾರ್ಖಾನೆಯಲ್ಲಿ ಕೆಲಸ, ಪುತ್ತಿಗೆಯಲ್ಲಿ ಅಕ್ಕನ ಮನೆ, ತಾಯಿಯ ಕಡೆಯಿಂದಲೇ ವಂಶ ಎಣಿಸುವ ಅಳಿಯಕಟ್ಟಿನವರಲ್ಲಿ ಹೆಂಗಸು ತಾಯಿಮನೆ ಬಿಡುವುದು ಎಲ್ಲಿಂದ, ಗಂಡಸು ತನ್ನ ಅಕ್ಕನ ಮಕ್ಕಳಿಗೆ ಯಜಮಾನ, ಹೆಂಡತಿಯ ಮನೆಗೆ ನೆಂಟ, ಶನಿವಾರ ಸಂಜೆಯ ಬಸ್ಸಿಗೆ ಪೊಳಲಿಯ ಇವಳ ಮನೆಗೆ ಬಂದವನು ಸೋಮವಾರ ಬೆಳಗಾಗುವಾಗ ಹೊರಟ. ಅಮ್ಮನಿಗೂ ಹಾಗೇ, ಅಜ್ಜಿಗೂ ಹಾಗೇ, ಅವರಿಗೆಲ್ಲ ಸಾಕಾಗಿತ್ತು, ಇವಳೊಬ್ಬಳಿಗೆ ಸಾಕಾಗಲಿಲ್ಲ. ಶನಿವಾರದ ದೂಮಣ್ಣ ಗೊತ್ತುಂಟು, ಮಿಂದು ಎಣ್ಣೆ ಹಚ್ಚಿ ಮೀನಿನ ಕಟ್ಟು ಹಿಡಿದು ಬರುವ ಮದುಮಗ, ಆದರೆ ಮಂಗಳವಾರ ಅವನು ಹೇಗಿರುತ್ತಾನೆ, ಕೆಲಸದಿಂದ ಬಂದು ಮುಖ ಗಂಟು ಹಾಕಿ ಕೂರುತ್ತಾನೋ, ಗೊರಕೆ ಹೊಡೆಯುತ್ತಾನೋ — ಬೈಯಲಿಕ್ಕಾದರೂ ಒಂದು ಮಂಗಳವಾರ ಬೇಡವೇ? ಮೂಡಬಿದ್ರೆಯಲ್ಲಿ ಒಂದು ಸಣ್ಣ ಬಾಡಿಗೆ ಮನೆ ಮಾಡುವ ಅಂದಳು, ಅಕ್ಕನ ಮಕ್ಕಳನ್ನು ಯಾರು ನೋಡುವುದು ಅಂದ, ಹಾಗಾದರೆ ನನಗೆ ನೆಂಟ ಬೇಡ, ಬರೆದು ಮುಗಿಸುವ ಅಂದುಬಿಟ್ಟಳು, ಬೇಡ ಅನ್ನುತ್ತಾನೆ ಅಂತ ಎಣಿಸಿಯೇ ಅಂದದ್ದು, ಈ ಪುಣ್ಯಾತ್ಮ ಆಯ್ತು ಅನ್ನಬೇಕೇ. ಎಂದಿನಿಂದ ಪ್ರತ್ಯೇಕವಾಗಿ ವಾಸಿಸುತ್ತಿದ್ದೀರಿ, ಅವನು ಓದಿದ, ಮದುವೆಯಾದ ದಿವಸದಿಂದ, ಇವಳು ಬರೆದಳು, ಸುಳ್ಳೇನಲ್ಲವಲ್ಲ.

ಈಗ ಜಡ್ಜರ ಬೆರಳು ಅದೇ ಸಾಲಿನ ಮೇಲೆ. ಘಟ್ಟದ ಮೇಲಿನವರು, ಧಾರವಾಡದ ಕಡೆಯವರಂತೆ, ಏನಮ್ಮಾ, ಮದುವಿ ಆದಾಗಿಂದ ಬ್ಯಾರೆ ಅದೀವಿ ಅಂತ ಬರದೀರಿ, ಹಂಗಾರ ಸಂಸಾರನ ಮಾಡಿಲ್ಲೇನು? ಮಾಡಿದ್ದೇವೆ ಸ್ವಾಮಿ, ಎರಡು ಮಕ್ಕಳುಂಟು. ವಕೀಲರ ಬೆಂಚು ಗೊಳ್ಳೆಂದಿತು, ಕರಿ ಕೋಟಿನವರಿಗೆ ನಗಲಿಕ್ಕೆ ಬೇರೆ ಏನೂ ಸಿಗಲಿಲ್ಲವೇನೋ. ಇವರು ನಿಮ್ಮ ಮನಿಗೆ ಕಡೀಗೆ ಬಂದದ್ದು ಯಾವಾಗ? ಮೊನ್ನೆ ಶನಿವಾರ ಸ್ವಾಮಿ, ಬಂಗುಡೆ ಮೀನು ತಂದಿದ್ದರು. ಅರ್ಜಿ ಹಾಕಿದ ಮ್ಯಾಲೂ? ಶನಿವಾರ ಅಲ್ಲವಾ ಸ್ವಾಮಿ, ಬರದೆ ಮತ್ತೆಲ್ಲಿಗೆ ಹೋಗುವುದು. ಪಕ್ಕದಲ್ಲಿ ದೂಮಣ್ಣ ಕೆಮ್ಮಿದ, ಕೆಮ್ಮು ಬಂದದ್ದಲ್ಲ, ಅವನ ನಾಚಿಕೆ ಅವಳಿಗೆ ಗೊತ್ತುಂಟು. ಜಡ್ಜರು ಕನ್ನಡಕ ತೆಗೆದರು, ಇದು ಬ್ಯಾರೆ ಇರೂದಲ್ಲಮ್ಮಾ, ಕಾನೂನಿನ ಲೆಕ್ಕದಾಗ ಇದು ಚಲೋ ಸಂಸಾರ, ನಿಮಗ ವಿಚ್ಛೇದನ ಬೇಕಂದ್ರ ಒಂದು ವರ್ಷ ಇವರು ಶನಿವಾರ ನಿಮ್ಮ ಮನಿಗೆ ಬರೂದು ಬಿಡಬೇಕು, ಆಮ್ಯಾಲೆ ಬರ್ರಿ. ಕಲ್ಲು ಎತ್ತಿ ಅರ್ಜಿ ವಾಪಸು ಕೊಟ್ಟರು.

ಶನಿವಾರ ಬರಬಾರದು. ಕೋರ್ಟಿನ ಮೆಟ್ಟಿಲಿಳಿಯುವಾಗಲೂ ಅದೇ, ಬಸ್ ಸ್ಟ್ಯಾಂಡಿನ ದಾರಿಯಲ್ಲೂ ಅದೇ, ಏಳು ದಿವಸ ಬೇಕೆಂದು ಹೋಗಿ ಇದ್ದ ಒಂದನ್ನೂ ಕಳಕೊಂಡಳಲ್ಲ, ಇದ್ದದ್ದೂ ಹೋಯಿತು ಮದ್ದಿನ ಗುಣ, ಶನಿವಾರ ಸಂಜೆ ಮಕ್ಕಳು ಗೇಟಿಗೆ ಓಡಿದರೆ ಏನು ಹೇಳುವುದು, ಅಪ್ಪನಿಗೆ ಕೋರ್ಟಿನ ಅಡ್ಡಿ ಉಂಟು ಅಂತ ಹೇಳುವುದೇ, ತನಗೆ ತಾನೇ ಏನು ಹೇಳಿಕೊಳ್ಳುವುದು, ಬೇಕು ಅವನು, ನೆಂಟನಾಗಿಯಾದರೂ ಬೇಕು, ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ, ಅದಕ್ಕೊಂದು ನಮೂನೆ ಆ ಪುಸ್ತಕದಲ್ಲಿ ಇಲ್ಲ. ದೂಮಣ್ಣ ಕೊಡೆ ಕಂಕುಳಲ್ಲಿಟ್ಟು ಮುಂದೆ ಮುಂದೆ ಹೋಗುತ್ತಿದ್ದಾನೆ, ಮೂಡಬಿದ್ರೆಯ ಬಸ್ಸು ನಿಂತೇ ಉಂಟು, ಹತ್ತಲಿಕ್ಕೆ ಕಾಲಿಟ್ಟವನು ತಿರುಗಿದ. ಅಲ್ಲ ಶಶಿ, ಜಡ್ಜರು ಶನಿವಾರ ಬರಬಾರದು ಅಂತ ಹೇಳಿದ್ದಲ್ಲವಾ? ಹೌದು. ಉಳಿದ ದಿವಸದ್ದು ಏನೂ ಹೇಳ್ಲಿಲ್ಲ. ಹೇಳ್ಲಿಲ್ಲ. ಅಕ್ಕನ ಮಗನಿಗೆ ಮೀಸೆ ಬಂದಾಯ್ತು, ಇನ್ನು ಆ ಮನೆ ಅವನೇ ನೋಡ್ಲಿ, ನಾವು ಮೂಡಬಿದ್ರೆಯಲ್ಲಿ ಒಂದು ಮನೆ ನೋಡುವ, ಶನಿವಾರ ಬೇಕಾದರೆ ನಾನು ಅಕ್ಕನಲ್ಲಿಗೆ ಹೋಗ್ತೇನೆ, ಕೋರ್ಟಿನ ಮಾತು ಮೀರಬಾರದು. ನಗಬೇಕೋ ಅಳಬೇಕೋ ಗೊತ್ತಾಗದೆ ಅವಳು ಬೈದಳು, ಏನು ಬೈದಳೆಂದು ಅವಳಿಗೇ ಗೊತ್ತಿಲ್ಲ, ಕಂಡಕ್ಟರ್ ಸೀಟಿ ಊದಿದ, ಬರ್ತೀರಾ ಇಲ್ವಾ ಸ್ವಾಮಿ, ದೂಮಣ್ಣನ ಒಂದು ಕಾಲು ಬಸ್ಸಿನ ಮೆಟ್ಟಿಲಲ್ಲಿ, ಒಂದು ಕಾಲು ನೆಲದಲ್ಲಿ, ಅವಳಿಗೆ ಕಾಣುವುದು ನೆಲದ ಕಾಲು ಮಾತ್ರ, ಹಿಮ್ಮಡಿಯ ಬಿರುಕಿನಲ್ಲಿ ಹಂಚಿನ ಕೆಂಪು ಹುಡಿ, ಶನಿವಾರ ತಿಕ್ಕಿ ತೊಳೆದು ಬರುವ ಈ ಕಾಲನ್ನು ಹೀಗೆ ನೋಡಿಯೇ ಇರಲಿಲ್ಲ, ಬಸ್ಸು ಅಲುಗಿತು, ಮೆಟ್ಟಿಲ ಮೇಲಿನದು ಕೆಳಗಿಳಿಯಿತು, ಬಸ್ಸು ಹೋಯಿತು — ನೆಲದಲ್ಲಿ ಎರಡು ಕಾಲು, ಕೆಂಪು ಹುಡಿ, ಎರಡು ಕಾಲು.