ಹನ್ನೊಂದನೆಯ ಡಬ್ಬಿ

ಗಂಡನಿಂದ ತಪ್ಪಿಸಿಕೊಂಡು ಓಡುವವಳು ಕಸ ಗುಡಿಸಿಟ್ಟು ಹೋಗಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದರೂ ನರ್ಸಮ್ಮನಿಗೆ ತನ್ನ ಡಬ್ಬಿಗಳದ್ದೇ ಚಿಂತೆ. ಬಸ್ಸಿಗೆ ಇನ್ನು ಒಂದೂವರೆ ಗಂಟೆ ಇತ್ತು.

ಆಟ ಇಷ್ಟೇ. ಒಬ್ಬರು ಸಂದಿಗೊಂದಿಯಲ್ಲಿ ಡಬ್ಬಿ ಬಚ್ಚಿಟ್ಟು, ಜಾಗದ ಗುರುತನ್ನು ಫೋನಿನಲ್ಲಿ ಹಾಕುತ್ತಾರೆ. ಕಂಡು ಕೇಳರಿಯದ ಜನ ಹುಡುಕಿ ತೆಗೆದು ಒಳಗಿನ ಪುಸ್ತಕದಲ್ಲಿ ರುಜು ಮಾಡುತ್ತಾರೆ. ಒಂದು ವಸ್ತು ಎತ್ತಿಕೊಂಡರೆ ಬದಲಿಗೆ ಇನ್ನೊಂದು ಇಡಬೇಕು. ಊರು ಬಿಡುವವರು ಡಬ್ಬಿಯನ್ನು ಬೇರೆಯವರಿಗೆ ವಹಿಸಬೇಕು, ಇಲ್ಲವೇ ಆಟದಿಂದ ತೆಗೆಯಬೇಕು.

ಹತ್ತು ಡಬ್ಬಿಗಳನ್ನು ಆಗಲೇ ಅಂಚೆ ಹಂಚುವ ಅಕ್ಕನಿಗೆ ವಹಿಸಿಯಾಗಿತ್ತು. ಹನ್ನೊಂದನೆಯದು ಪಾರ್ಕಿನ ಕಲ್ಲುಬೆಂಚಿನ ಕೆಳಗಿತ್ತು. 'ರಿಪೇರಿಯಲ್ಲಿದೆ' ಎಂದು ಹಾಕಿ ಮೂರು ತಿಂಗಳಾದ್ದರಿಂದ ಯಾರೂ ಅತ್ತ ಸುಳಿಯುತ್ತಿರಲಿಲ್ಲ. ಅದರೊಳಗೆ ಅವಳ ನರ್ಸಿಂಗ್ ಸರ್ಟಿಫಿಕೇಟುಗಳಿದ್ದವು. ಹಿಟ್ಟಿನ ಡಬ್ಬಕ್ಕೂ ಕೈ ಹಾಕಿ ತಡಕುವ ಗಂಡನಿರುವ ಮನೆಯಲ್ಲಿ ಅವನ್ನು ಎಲ್ಲಿಡುವುದು? ಅವಿಲ್ಲದೆ ಹೊಸ ಊರಿನ ಆಸ್ಪತ್ರೆಯಲ್ಲಿ ಕೆಲಸವೂ ಇಲ್ಲ.

ಬಸ್ಸಿಗೆ ಹೋಗುವಾಗ ಕಾಗದ ಎತ್ತಿಕೊಂಡರಾಯಿತೆಂದು, ಅಕ್ಕನ ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ಆ ಡಬ್ಬಿಯನ್ನು ಆಟದಿಂದ ತೆಗೆದಳು. ಕಾರಣ ಬರೆಯುವುದು ಈ ಜನರ ವಾಡಿಕೆ. 'ಇವತ್ತು ಊರು ಬಿಡುತ್ತಿದ್ದೇನೆ. ಎಲ್ಲರಿಗೂ ಧನ್ಯವಾದ' ಎಂದು ಬರೆದು ಒತ್ತಿಬಿಟ್ಟಳು.

ಅಕ್ಕನ ಫೋನು ಟಿಂಗ್ ಎಂದಿತು.

"ನಿಮಗ್ಯಾಕೆ ಬಂತು?"

"ಆ ಡಬ್ಬಿ ಹುಡುಕಿದವ್ರಿಗೆಲ್ಲಾ ಹೋಗುತ್ತಲ್ಲೇ."

ನರ್ಸಮ್ಮ ದಡಕ್ಕನೆ ಎದ್ದು ಚಪ್ಪಲಿಗೆ ಕಾಲು ತೂರಿಸಿದಳು. ಆ ಡಬ್ಬಿಯ ಪುಸ್ತಕದಲ್ಲಿ ಮೊದಲನೇ ರುಜು ಗಂಡನದು. ಮದುವೆಯಾದ ಹೊಸತರಲ್ಲಿ ಇಬ್ಬರೂ ನಗುನಗುತ್ತಾ ಹೋಗಿ ಹಾಕಿದ್ದು. ಅವನ ಗ್ಯಾರೇಜಿನಿಂದ ಪಾರ್ಕಿಗೆ ಎರಡೇ ಬೀದಿ.

ಅವಳು ಓಡಿದಳು. ಅಕ್ಕ ಟಪಾಲು ಚೀಲವನ್ನು ಹೆಗಲಿಗೇರಿಸಿ ಹಿಂದೆಯೇ ಏದುಸಿರು ಬಿಡುತ್ತಾ ಬಂದಳು. ದಾರಿಯಲ್ಲಿ ಕಂಡ ನೀಲಿ ಅಂಗಿಯೆಲ್ಲ ಅವನ ಗ್ಯಾರೇಜಿನದೇ ಅನ್ನಿಸಿ ನರ್ಸಮ್ಮ ಗೋಡೆಬದಿಗೆ ಸರಿಯುತ್ತಿದ್ದಳು. ಬೆಂಚಿನ ಬಳಿ ಒಂದು ನರಪಿಳ್ಳೆಯೂ ಇರಲಿಲ್ಲ. ಡಬ್ಬಿ ಇದ್ದಲ್ಲೇ ಇತ್ತು. ಮುಚ್ಚಳದ ಮೇಲೆ ಗ್ರೀಸಿನ ಬೆರಳಚ್ಚಿತ್ತು.

ಸರ್ಟಿಫಿಕೇಟುಗಳಿರಲಿಲ್ಲ. ಅವುಗಳ ಜಾಗದಲ್ಲಿ ಮನೆಯ ಬೀಗದಕೈ ಇತ್ತು. ಇವಳು ಮನೆಗೆ ಬೀಗ ಹಾಕಿ ಹೊರಗೆ ಹೋಗದಿರಲೆಂದು, ಬೆಳಿಗ್ಗೆ ಅವನು ಕೆಲಸಕ್ಕೆ ಹೋಗುವಾಗ ದಿನವೂ ಇವಳಿಂದ ಕಿತ್ತುಕೊಂಡು ಹೋಗುವ ಅದೇ ಬೀಗದಕೈ. ಆಟದ ನಿಯಮವನ್ನು ಮಹಾರಾಯ ಮರೆತಿರಲಿಲ್ಲ. ಪುಸ್ತಕದಲ್ಲಿ ಇವತ್ತಿನ ತಾರೀಖು, ಅವನ ರುಜು, ಕೆಳಗೆ ಒಂದೇ ಸಾಲು: 'ಸಿಕ್ಕಿತು. ಮನೆಯಲ್ಲಿ ಕಾಯುತ್ತಿರುತ್ತೇನೆ.'

ನರ್ಸಮ್ಮ ಮನೆಯ ಕಡೆ ತಿರುಗಿದಳು. "ಅಕ್ಕಾ, ಹೋಗಿಬಿಡ್ತೀನಿ. ಕಾಲಿಗೆ ಬಿದ್ದಾದ್ರೂ ಕಾಗದ ಈಸ್ಕೊಳ್ತೀನಿ."

"ಕಾಲಿಗೆ ಬಿದ್ದಾಗೆಲ್ಲಾ ಏನಾಯ್ತು ಅಂತ ನಿನ್ನ ಹುಬ್ಬಿನ ಹೊಲಿಗೇನ ಕೇಳು," ಅಂದಳು ಅಕ್ಕ. "ಕಾಗದಕ್ಕೆ ನಕಲು ಸಿಗುತ್ತೆ. ನಿನ್ನ ಕಾಲೇಜಿಗೆ ನಾನೇ ರಿಜಿಸ್ಟರ್ ಪೋಸ್ಟ್ ಹಾಕ್ತೀನಿ. ನಿನಗೆಲ್ಲಿಂದ ನಕಲು ತರಲಿ?"

ನರ್ಸಮ್ಮ ಬೀಗದಕೈಯನ್ನು ಡಬ್ಬಿಗೆ ಹಾಕಿ ಮುಚ್ಚಿ ಅಕ್ಕನ ಕೈಗಿಟ್ಟಳು. "ಇದೂ ನಿಮ್ಮದೇ."

ಬಸ್ಸಿನಲ್ಲಿ ಅವಳು ತಲೆ ತಗ್ಗಿಸಿ ಕೂತಿದ್ದಳು. ಯಾರಾದರೂ ಹತ್ತಿದಾಗಲೆಲ್ಲ ಬೆನ್ನು ಸೆಟೆಯುತ್ತಿತ್ತು. ಅವನು ಬರಲಿಲ್ಲ. ಕಾಗದವಿಲ್ಲದೆ ಇವಳೆಲ್ಲಿ ಹೋಗುತ್ತಾಳೆ ಎಂಬ ಧೈರ್ಯದಲ್ಲಿ ತನ್ನ ಬಳಿಯಿದ್ದ ಇನ್ನೊಂದು ಕೈಯಿಂದ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿಕೊಂಡು, ಇವಳ ಬೀಗದಕೈ ತಿರುಗುವ ಸದ್ದಿಗೆ ಕಿವಿಗೊಟ್ಟು ಮನೆಯಲ್ಲಿ ಕೂತಿದ್ದ. ಬೀಗದಕೈ ಟಪಾಲು ಚೀಲದಲ್ಲಿ, ಕಾಗದಪತ್ರಗಳ ನಡುವೆ, ಮನೆಯಿಂದ ಮನೆಗೆ ತಿರುಗುತ್ತಿತ್ತು.