ನಾಲ್ಕು ಇಪ್ಪತ್ತರ ಕೋನ

೨೦೨೫ರ ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಗಣಿತದ ಟೀಚರ್ ಶಾಲೆಯ ಸೂಚನಾಫಲಕದ ಮುಂದೆ ನಿಂತು ಒಂದೇ ಪಟ್ಟಿಯನ್ನು ಮೂರನೆಯ ಸಲ ಓದುತ್ತಿದ್ದರು. ಮುಂದಿನ ವರ್ಷ ಗಣಿತ ತೆಗೆದುಕೊಳ್ಳುವಂತಿಲ್ಲದವರು ಏಳು ಮಂದಿ. ಮೊದಲ ಹೆಸರು, ತರಗತಿಯವರೆಲ್ಲ ಆಮೆ ಎಂದು ಕರೆಯುವ ಹುಡುಗಿಯದು. ಕಾರಣ: ಗಣಿತದ ಪುಟದ ವೇಗ ವರದಿ.

ಆ ಪುಟ ಟೀಚರದ್ದೇ. ಒಂಬತ್ತು ವರ್ಷ ವಾರಕ್ಕೊಂದು ಲೆಕ್ಕ ಕಟ್ಟಿ, ಸುಳಿವು ಬರೆದು, ಚಿತ್ರ ಬಿಡಿಸಿ ಅಂತರ್ಜಾಲದಲ್ಲಿ ಬೆಳೆಸಿದ್ದರು. ಯಾವ ಶಾಲೆಯ ಮಕ್ಕಳೂ ಪುಕ್ಕಟೆಯಾಗಿ ಬಂದು ಆಡಬಹುದಿತ್ತು. ಪುಟದ ನೆತ್ತಿಯ ಮೇಲೆ ಒಂದೇ ನಿಯಮ: 'ಉತ್ತರ ಸಿಕ್ಕಿತೇ? ಈಗಲೇ ಒಪ್ಪಿಸಬೇಡ. ಇನ್ನೊಂದು ದಾರಿ ಹುಡುಕು.'

ವೇಗ ವರದಿ ಎಂಬುದು ಅಲ್ಲಿ ಇರಲೇ ಇಲ್ಲ.

ಕಂಪ್ಯೂಟರ್ ಕೋಣೆಯ ಉಸ್ತುವಾರಿ ಅವರ ಸ್ವಂತ ತಮ್ಮ. ಅಕ್ಕನ ಮುಖ ಕಂಡೊಡನೆ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ.

"ನನ್ನ ಪುಟಕ್ಕೆ ಗಡಿಯಾರ ಕಟ್ಟಿದ್ದು ಯಾರೋ?"

"ನಾನೇ ಅಕ್ಕ. ಹೆಡ್‌ಮಾಸ್ಟರು ಕೇಳಿದ್ರು. ಬರೀ ಎರಡು ಸಾಲು ಕೋಡಿನ ಕೆಲಸ."

"ನನಗೆ ಹೇಳೋಕೆ ಎಷ್ಟು ಸಾಲು ಬೇಕಿತ್ತು?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಗೊತ್ತಿದ್ದೂ ಮಾಡಿದೆ ಅನ್ನು."

ಅವನು ಪುಟದ ದಾಖಲೆ ತೆರೆದ. ಟೀಚರ್ ಸಾಲು ಸಾಲಾಗಿ ನೋಡಿದರು. ಆಮೆ ಕಳೆದ ವಾರದ ಲೆಕ್ಕಕ್ಕೆ ಮೂರೇ ನಿಮಿಷದಲ್ಲಿ ಉತ್ತರ ಬರೆದಿದ್ದಳು. ಒಪ್ಪಿಸಿದ್ದು ನಲವತ್ತೊಂದನೆಯ ನಿಮಿಷಕ್ಕೆ. ನಡುವೆ ಇನ್ನೂ ಎರಡು ದಾರಿ ಹುಡುಕಿದ್ದಳು. ಉಳಿದ ಆರು ಜನರದ್ದೂ ಇದೇ ಕತೆ. ನಿಯಮ ಪಾಲಿಸಿದ ಅಷ್ಟೂ ಮಕ್ಕಳಿಗೆ ಕೆಂಪು ಗುರುತು. ಟೀಚರ್ ಬರೆದ ಸಾಲನ್ನು ನಂಬಿದ ತಪ್ಪಿಗೆ ಮಕ್ಕಳು ಹೊರಗೆ ಬಿದ್ದಿದ್ದರು.

"ಸರಿ ತಪ್ಪು ನೋಡಲ್ವಾ ಈ ವರದಿ?"

"ಅವರು ವೇಗ ಮಾತ್ರ ಕೇಳಿದ್ರು," ಎಂದ ತಮ್ಮ, ಕೀಲಿಮಣೆಯ ಧೂಳು ಒರೆಸುತ್ತ.

"ಲ್ಯಾಪ್‌ಟಾಪ್ ತಗೋ. ನಡಿ."

ಹೆಡ್‌ಮಾಸ್ಟರರು ಆಫೀಸಿನಲ್ಲಿ ಎದ್ದು ಕುರ್ಚಿ ತೋರಿಸಿದರು. ಟೀಚರ್ ಕೂರಲಿಲ್ಲ.

"ಕಾಲ ಓಡ್ತಾ ಇದೆ ಮೇಡಂ. ಒಂದು ಲೆಕ್ಕಕ್ಕೆ ನಲವತ್ತೊಂದು ನಿಮಿಷ ಅಂದ್ರೆ ಆ ಹುಡುಗಿ ಅಲ್ಲೇ ಒಂದು ನಿದ್ದೆ ತೆಗೆದಿರ್ಬೇಕು."

"ಅದೇ ಲೆಕ್ಕ ನೀವು ಮಾಡಿ ಸರ್. ಗಂಟೆ ನಾಲ್ಕು ಇಪ್ಪತ್ತು. ಎರಡು ಮುಳ್ಳುಗಳ ನಡುವಿನ ಕೋನ ಎಷ್ಟು?"

ತಮ್ಮ ಲ್ಯಾಪ್‌ಟಾಪ್ ತೆರೆದು ಮುಂದಿಟ್ಟ. ಹೆಡ್‌ಮಾಸ್ಟರರು ನಕ್ಕರು. "ಎರಡೂ ನಾಲ್ಕರ ಮೇಲೇ ಇರ್ತವಲ್ಲ," ಎಂದು ಸೊನ್ನೆ ಒತ್ತಿ ಒಪ್ಪಿಸಿದರು. ಆರು ಸೆಕೆಂಡು. ಪರದೆಯ ಮೇಲೆ ಹಸಿರು ದೀಪ ಹೊತ್ತಿತು: ಅತ್ಯುತ್ತಮ. ತಮ್ಮ ತನ್ನ ಚಪ್ಪಲಿ ನೋಡಿಕೊಂಡ.

"ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆ ಇದೆ," ಎಂದರು ಟೀಚರ್. "ನಿಮ್ಮ ವರದಿ ಅವನಿಗೆ ಮೊದಲ ಸ್ಥಾನ ಕೊಡ್ತಿದೆ."

"ಸ್ವಲ್ಪ ಮರ್ಯಾದೆ ಇರಲಿ ಮೇಡಂ."

"ಏಳು ಮಕ್ಕಳ ಮರ್ಯಾದೆ ಬೋರ್ಡಿನ ಮೇಲೆ ಅಂಟಿಸಿದೀರಿ ಸರ್. ನನ್ನ ಪುಟದ ಹೆಸರಲ್ಲಿ."

ಟೀಚರ್ ಗೋಡೆಯ ಗಡಿಯಾರವನ್ನು ಕಳಚಿ ಮೇಜಿನ ಮೇಲೆ ಮಲಗಿಸಿದರು. ಹಿಂಬದಿಯ ತಿರುಗಣಿ ತಿರುಗಿಸಿ, ಸರಿಯಾಗಿ ನಾಲ್ಕು ಇಪ್ಪತ್ತಕ್ಕೆ ತಂದು, ಚೀಲದಿಂದ ಕೋನಮಾಪಕ ತೆಗೆದು ಅವರ ಮುಂದೆ ಸರಿಸಿದರು.

"ಅಳೀರಿ. ಅವಸರವಿಲ್ಲ."

ಹೆಡ್‌ಮಾಸ್ಟರರು ಕನ್ನಡಕ ಏರಿಸಿ ಬಾಗಿದರು. ದೊಡ್ಡ ಮುಳ್ಳು ನಾಲ್ಕರ ಮೇಲಿತ್ತು. ಚಿಕ್ಕದು ಆ ಇಪ್ಪತ್ತು ನಿಮಿಷದಲ್ಲಿ ತನ್ನ ಪಾಡಿಗೆ ತಾನು ಮುಂದೆ ಹೋಗಿತ್ತು. ಒಮ್ಮೆ ಅಳೆದರು. ಮಾಪಕ ಜಾರಿತೇನೋ ಎಂದು ಮತ್ತೊಮ್ಮೆ ಅಳೆದರು. ಆಮೇಲೆ ತಮ್ಮನ ಕಡೆ ತಿರುಗಿ, "ಆ ಪಟ್ಟಿ ಕಿತ್ಕೊಂಡು ಬಾರಯ್ಯ," ಎಂದರು.

ತಮ್ಮ ತಂದ. ಅವರು ಏಳೂ ಹೆಸರು ಹೊಡೆದುಹಾಕಿ ಸಹಿ ಮಾಡಿ, "ಸಾಕಲ್ಲ?" ಎಂದರು.

"ಸಾಲದು. ರದ್ದು ಮಾಡಿದ್ದಕ್ಕೆ ಕಾರಣ ಬರೀಬೇಕಲ್ಲ ಸರ್. ಈಗ ಏನು ಅಳೆದಿರೋ ಅದನ್ನೇ ಬರೀರಿ."

ಪೆನ್ನು ಕೊಂಚ ಹೊತ್ತು ಕಾಗದದ ಮೇಲೆ ನಿಂತಿತು. ಟೀಚರ್ ಕದಲಲಿಲ್ಲ. ಹೆಡ್‌ಮಾಸ್ಟರರು ಬರೆದರು: ಹತ್ತು ಡಿಗ್ರಿ.