ಇಂದುಶೇಖರನ ಕವಡೆ

ತೀರಿಕೊಂಡ ಗಂಡ ಏಕನಾಥರ ಬಾಯಿಗೆ ಅಕ್ಕಿಕಾಳು ಹಾಕುತ್ತಿದ್ದ ಲೀಲಮ್ಮನ ಕಣ್ಣು ಬಾಗಿಲ ಕಡೆಗೇ ಇತ್ತು. ಇಂದುಶೇಖರ ಬಂದಿದ್ದ. ತನ್ನ ಹೆಂಡತಿ ಹೋದ ಮೇಲೆ ಪ್ರತಿ ಭಾನುವಾರ ಗುರುಗ್ರಾಮದ ಈ ಫ್ಲ್ಯಾಟಿಗೆ ಬಂದು, ಚೌಕಾಬಾರದಲ್ಲಿ ಏಕನಾಥರನ್ನು ಸೋಲಿಸಿ, ಕಾಫಿ ಕುಡಿದು ಹೋಗುತ್ತಿದ್ದ ಆಸಾಮಿ. ಆಡುವುದು ಮಾತ್ರ ತನ್ನದೇ ಕವಡೆಯಲ್ಲಿ. ಬೇರೆಯವರದು ಕೈಗೆ ಕೂರುವುದಿಲ್ಲವಂತೆ!

ಇವತ್ತೂ ಅವನ ಜೇಬು ಉಬ್ಬಿತ್ತು. ಸಾವಿನ ಮನೆಗೂ ತಂದಿದ್ದಾನಲ್ಲ ಎಂದು ಅವಳಿಗೆ ಮೈ ಉರಿಯಿತು.

*

ಹೋದ ವರ್ಷ ಅವಳು ಗಂಡನ ಬೆನ್ನು ಬಿದ್ದಿದ್ದಳು.

"ಆ ಮನುಷ್ಯ ಮೋಸ ಮಾಡ್ತಾನೆ ಕಣ್ರೀ. ನಾಲ್ಕೂ ಅಂಗಾತ ಬಿದ್ದು ಅಷ್ಟೊಂದು ಚೌಕ ಹೇಗಾಗುತ್ತೆ?"

ಏಕನಾಥರು ಸರ್ಕಾರಿ ಸಮೀಕ್ಷೆಗಳ ಎಣಿಕೆಯಲ್ಲಿ ಸುಳ್ಳು ಹಿಡಿಯುವುದರಲ್ಲೇ ಸರ್ವೀಸು ಸವೆಸಿದವರು. ಇಂದುಶೇಖರ ಒಮ್ಮೆ ಮರೆತುಹೋದ ಕವಡೆಗಳನ್ನು ವಾರವಿಡೀ ಎಸೆದು ಎಸೆದು ಗೀಟು ಹಾಕಿದರು.

"ಕೆಲವು ಎಸೆತ ಚಾಪೆ ಅಂಚಿಗೆ ತಾಗಿರುತ್ತೆ, ಕೆಲವು ನಾನೇ ತಪ್ಪು ಎಣಿಸಿರ್ತೀನಿ. ಅಂಥವು ನಾಲ್ಕಾರು ಇದ್ದರೂ ತೀರ್ಪು ಅಲ್ಲಾಡಬಾರದು, ಲೀಲಾ. ಅಷ್ಟು ರಿಯಾಯಿತಿ ಕೊಟ್ಟ ಮೇಲೂ ನಿಲ್ಲೋ ಸಂಶಯವೇ ಸಂಶಯ."

"ನಿಲ್ತಾ?"

"ಇಲ್ಲ. ಕವಡೆ ಸರಿಯಾಗೇ ಇವೆ."

ಜೀವಮಾನದಲ್ಲಿ ಅವಳ ಹತ್ತಿರ ಸುಳ್ಳಾಡದ ಮನುಷ್ಯ. ಆದರೂ ಅವಳ ಗುಮಾನಿ ಹೋಗಲಿಲ್ಲ.

*

ಇಂದುಶೇಖರ ಪಕ್ಕಕ್ಕೆ ಬಂದು ಕೂತು, ನಾಲ್ಕು ಕವಡೆಗಳನ್ನು ನೆಲದ ಮೇಲಿಟ್ಟ.

"ಅತ್ತಿಗೆ, ಒಂದರೊಳಗೆ ಸೀಸ ತುಂಬಿದೆ. ಏಕನಾಥನಿಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ಆಡ್ದ. ಗೆದ್ದಾಗಲಾದ್ರೂ ನಗ್ತೀಯಲ್ಲ, ಇರಲಿ ಬಿಡು ಅಂದ."

"ಸುಳ್ಳು. ನನ್ನ ಹತ್ತಿರ ಸರಿಯಾಗಿವೆ ಅಂದಿದ್ರು."

"ನಿಜ ಹೇಳಿದ್ರೆ ನೀವು ನನ್ನನ್ನ ಮನೆಗೆ ಸೇರಿಸ್ತಿದ್ರಾ?"

ಹಾಗಾದರೆ ಸುಳ್ಳು ಹೇಳಿದ್ದು ಯಾರು? ಈ ಪುಣ್ಯಾತ್ಮ ಈಗಲೋ, ಮಲಗಿರುವವರು ಆಗಲೋ? ಅದು ತಿಳಿಯದೆ ಗಂಡನನ್ನು ಕಳಿಸಿಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಕವಡೆ ಎತ್ತಿಕೊಂಡು ಹೆಣದ ಪಕ್ಕದಲ್ಲೇ ಎಸೆದಳು. ಮೂರು. ಮತ್ತೆ ಎಸೆದಳು. ಚೌಕ. ನೆಂಟರು ಮುಖ ಮುಖ ನೋಡಿಕೊಂಡರು.

"ಅಮ್ಮಾ, ಏನಿದು?" ಮಗ ವಿಕ್ರಮ್ ಪಿಸುಗುಟ್ಟಿದ. "ಕೆಳಗೆ ಗಾಡಿ ಬಂದಿದೆ. ಲಿಫ್ಟ್ ತಡೆದು ನಿಲ್ಲಿಸಿದ್ದಾರೆ. ಹೊರಡೋಣ."

ಅವಳು ಎಸೆಯುತ್ತಲೇ ಇದ್ದಳು. ಅದೊಂದು ಕವಡೆ, ಎಡಗಡೆ ಸಣ್ಣ ಮಚ್ಚೆಯಿದ್ದದ್ದು, ಪ್ರತಿ ಸಲವೂ ಅಂಗಾತವೇ ಬೀಳುತ್ತಿತ್ತು. ಅವಳ ಕಣ್ಣು ತುಂಬಿ ಬಂತು.

"ಗೊತ್ತಾಯ್ತಲ್ಲ ಅತ್ತಿಗೆ," ಇಂದುಶೇಖರ ಮೆಲ್ಲಗೆ ಅಂದ. "ಸಾಕು."

"ಸಾಲದು. ನಾಲ್ಕಾರು ಎಸೆತಕ್ಕೆಲ್ಲ ತೀರ್ಪು ಕೊಡಬಾರದು ಅಂತಿದ್ರು."

ಚಟ್ಟಕ್ಕೆ ಕೈ ಹಾಕಿದ್ದವರು ಕೈ ತೆಗೆದರು. ಲೀಲಮ್ಮ ಗಂಡನ ಹತ್ತಿರಕ್ಕೆ ಇನ್ನಷ್ಟು ಸರಿದು ಕೂತು, ಕವಡೆ ಬಾಚಿಕೊಂಡಳು.